ಅಂಗಡಿಯ ತಕ್ಕಡಿ, ಮಳೆಗಾಲದ ಬೆಲ್ಲ

ಮನೆವಾರ್ತೆಗೆ ಬೇಕಾದ ಜೀನಸು ಸಾಮಾನುಗಳನ್ನು ಕೊಂಡು ತರುವುದು ಬಲು ಸಾಧಾರಣವಾದ ಕೆಲಸ. ಆದರೂ ಅಂಗಡಿಯಿಂದ ಮರಳಿದವರ ಮುಖ ಪ್ರಸನ್ನವಾಗಿರುವುದು ಅಪರೂಪ. ‘ಒಂದು ಗಂಟೆ ನಿಲ್ಲಿಸಿದರು’, ‘ನಮಗಿಂತ ಹಿಂದೆ ಬಂದವರಿಗೆ ಮೊದಲು ಕೊಟ್ಟರು’, ‘ತೂಕ ಕಡಮೆಯೆಂದು ಕಾಣುತ್ತದೆ’, ‘ಬೆಲ್ಲವೆಲ್ಲ ನೀರು’ — ಇವು ಪುತ್ತೂರು, ಸುಳ್ಯ, ಕಡಬಗಳಲ್ಲಿ ಮಾತ್ರವಲ್ಲ, ಎಲ್ಲ ಊರುಗಳಲ್ಲಿಯೂ ಕೇಳಿಬರುವ ದೂರುಗಳೇ. ಆದರೆ ಈ ಮೂರು ತಾಲ್ಲೂಕುಗಳ ಸ್ಥಿತಿಯಲ್ಲಿ ಒಂದು ವಿಶೇಷವುಂಟು. ಇಲ್ಲಿ ಅಕ್ಕಿ ಬೆಲ್ಲಗಳನ್ನು ಕೊಳ್ಳುವವನು ಅನೇಕ ವೇಳೆ ಅದೇ ಪೇಟೆಯಲ್ಲಿ ಅಡಿಕೆಯನ್ನೋ ಒಳ್ಳೆಮೆಣಸನ್ನೋ ರಬ್ಬರನ್ನೋ ಮಾರಲು ಬಂದವನು. ಬೆಳಿಗ್ಗೆ ತಕ್ಕಡಿಯ ಒಂದು ಕಡೆಯಲ್ಲಿ ನಿಂತವನು ಮಧ್ಯಾಹ್ನ ಇನ್ನೊಂದು ಕಡೆಯಲ್ಲಿ ನಿಲ್ಲುತ್ತಾನೆ. ಎರಡು ಕಡೆಯಲ್ಲಿಯೂ ಅವನಿಗೆ ಒಂದೇ ನ್ಯಾಯ ದೊರೆಯುವುದೇ?

ಮೊದಲು, ಕಾಯುವ ಮಾತು. ಪುತ್ತೂರಿನಲ್ಲಿ ಸೋಮವಾರ ಸಂತೆ. ಅಂದು ಅಂಗಡಿಗಳ ಮುಂದೆ ನಿಲ್ಲುವ ಜನರನ್ನು ನೋಡಿದರೆ, ಅಂಗಡಿಯವನು ಸೋಮಾರಿಯೆಂದೋ ಗರ್ವಿಯೆಂದೋ ನಮಗೆ ತೋರುವುದು ಸಹಜ. ಕೆಲವರು ಹಾಗೆ ಇರುವುದೂ ಉಂಟು. ಆದರೆ ಇದರಲ್ಲಿ ಗಣಿತದ ಪಾಲೂ ಇದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಎಂಜಿನಿಯರನು ಕೋಪನ್‌ಹೇಗನ್ನಿನ ಟೆಲಿಫೋನ್ ಸಂಸ್ಥೆಯಲ್ಲಿದ್ದಾಗ, ಕರೆಗಳು ಬರುವ ರೀತಿಯನ್ನು ಕುರಿತು 1909ರಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಸರದಿಯ ಸಾಲುಗಳ ಶಾಸ್ತ್ರಕ್ಕೆ ಅದೇ ಬುನಾದಿ. ಆ ಲೆಕ್ಕವನ್ನು ನಮ್ಮ ಅಂಗಡಿಗೆ ಅನ್ವಯಿಸಿ ನೋಡೋಣ.

ಅಂಗಡಿಯಲ್ಲಿ ಸಾಮಾನು ಕಟ್ಟುವವನು ಒಬ್ಬನೇ. ಒಂದು ಚೀಟಿಯ ಸಾಮಾನು ಕಟ್ಟಲು ಸರಾಸರಿ 4 ನಿಮಿಷ ಬೇಕು ಎಂದಿಟ್ಟುಕೊಳ್ಳೋಣ. ಗಂಟೆಗೆ 15 ಗಿರಾಕಿಗಳನ್ನು ಆತ ಕಳುಹಿಸಬಲ್ಲನು. ಗಿರಾಕಿಗಳಾದರೋ ಗಡಿಯಾರ ನೋಡಿ ಬರುವವರಲ್ಲ. ಒಬ್ಬನ ಚೀಟಿ ಚಿಕ್ಕದು, ಇನ್ನೊಬ್ಬನದು ಮೊಳದುದ್ದ. ಇಂಥಲ್ಲಿ ಗಂಟೆಗೆ 10 ಮಂದಿ ಬರುತ್ತಿದ್ದರೆ ಒಬ್ಬೊಬ್ಬನು ಸರಾಸರಿ 8 ನಿಮಿಷ ಕಾಯಬೇಕಾಗುತ್ತದೆ. 12 ಮಂದಿಯಾದರೆ 16 ನಿಮಿಷ. 14 ಮಂದಿಯಾದರೆ? 20 ನಿಮಿಷವೆಂದು ಓದುಗರು ಊಹಿಸಬಹುದು; ಅಲ್ಲ, 56 ನಿಮಿಷ! ಕೊನೆಯ ಇಬ್ಬರು ಹೆಚ್ಚಾದುದಕ್ಕೆ ಕಾಯುವ ಕಾಲ ಮೂರೂವರೆ ಪಾಲಾಯಿತು. ಆ 14 ಮಂದಿಯ ಮುಂದೆಯೇ ಇನ್ನೊಬ್ಬ ಆಳನ್ನು ನಿಲ್ಲಿಸಿ, ಸಾಲು ಒಂದನ್ನೇ ಉಳಿಸಿದರೆ, ಅದು ಒಂದು ನಿಮಿಷಕ್ಕೆ ತುಸು ಮೇಲೆ ಇಳಿಯುತ್ತದೆ. ಆದುದರಿಂದ ‘ಸಂತೆಯ ದಿನ ಹೀಗೆಯೇ’ ಎನ್ನುವ ಅಂಗಡಿಯವನ ಮಾತನ್ನು ನಾವು ಒಪ್ಪಲಾರೆವು. ಸಂತೆ ಸೋಮವಾರ ಬರುತ್ತದೆಂಬುದು ಅವನಿಗೆ ಭಾನುವಾರವೇ ಗೊತ್ತಿರುತ್ತದೆ.

ಹಿಂದೆ ಬಂದವನಿಗೆ ಮೊದಲು ಕೊಡುವ ವಿಚಾರ ಬೇರೆ. ಸರದಿಯನ್ನು ಹಿಂದುಮುಂದು ಮಾಡಿದರೆ ಎಲ್ಲರ ಸರಾಸರಿ ಕಾಯುವಿಕೆಯೇನೂ ಬದಲಾಗದು. ಅದು ಯಾರ ಪಾಲಿಗೆ ಬೀಳುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಗಟ್ಟಿಯಾಗಿ ಕೂಗುವವನ, ಪರಿಚಯಸ್ಥನ, ಬೈಕಿನ ಮೇಲೆ ಕುಳಿತೇ ಚೀಟಿ ನೀಡುವವನ ನಿಮಿಷಗಳೆಲ್ಲ ಸುಮ್ಮನೆ ನಿಂತವಳ ಲೆಕ್ಕಕ್ಕೆ ಸೇರುತ್ತವೆ. ಕೊಲ್ಲಮೊಗ್ರುವಿನಂಥ ಹಳ್ಳಿಯ ಬಸ್ಸು ತಪ್ಪಿತೆಂದರೆ ಆಕೆಗೆ ಹೋಗುವುದು ಹತ್ತು ನಿಮಿಷವಲ್ಲ, ಅರ್ಧ ದಿನ.

ಇನ್ನು ಅಳತೆಯ ಮಾತು. ಹಿಂದೆ ಈ ಸೀಮೆಯಲ್ಲಿ ಅಕ್ಕಿಯನ್ನು ಅಳೆಯುತ್ತಿದ್ದರು, ತೂಗುತ್ತಿರಲಿಲ್ಲ. 14 ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಅಳೆಯುವುದರಲ್ಲಿ ಜಗಳಕ್ಕೆ ಬೇಕಾದಷ್ಟು ಆಸ್ಪದವಿತ್ತು. ಒಂದೇ ಗಾತ್ರದ ಗೋಲಿಗಳನ್ನು ಪಾತ್ರೆಯೊಂದಕ್ಕೆ ಮೆಲ್ಲನೆ ಸುರಿದರೆ ಅವು ಅದರ ಜಾಗದಲ್ಲಿ ನೂರಕ್ಕೆ 60 ಪಾಲನ್ನಷ್ಟೇ ತುಂಬುತ್ತವೆ. ಕುಲುಕಿದರೆ 64ರವರೆಗೆ ಏರಬಹುದು. ಉಳಿದುದು ಬರಿಯ ಗಾಳಿ. ಅಕ್ಕಿಕಾಳು ಗೋಲಿಯಲ್ಲ, ಆದರೂ ತತ್ತ್ವ ಅದೇ. ಸೇರನ್ನು ಕುಲುಕಿ ಅಳೆದರೆ ಕೊಳ್ಳುವವನಿಗೆ ಲಾಭ, ಕುಲುಕದೆ ಅಳೆದರೆ ಮಾರುವವನಿಗೆ ಲಾಭ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ 1958ರ ಅಕ್ಟೋಬರದಿಂದ ಮೆಟ್ರಿಕ್ ತೂಕಗಳು ಬರತೊಡಗಿದ ಮೇಲೆ ಈ ಬಗೆಯ ಜಗಳ ಕ್ರಮೇಣ ಕಡಮೆಯಾಯಿತು.

ಪೂರ್ತಿ ಮಾಯವಾಗಲಿಲ್ಲ. ತೆಂಗಿನೆಣ್ಣೆಯನ್ನು ಒಂದು ಅಂಗಡಿ ಲೀಟರಿನಲ್ಲಿ ಮಾರುತ್ತದೆ, ಇನ್ನೊಂದು ಕಿಲೋದಲ್ಲಿ. ಎಣ್ಣೆ ನೀರಿಗಿಂತ ಹಗುರವಾದುದರಿಂದ ಒಂದು ಲೀಟರು ಎಣ್ಣೆ ಸುಮಾರು 915 ಗ್ರಾಂ ಮಾತ್ರ ತೂಗುತ್ತದೆ. ಎರಡಕ್ಕೂ ಬೆಲೆ ಒಂದೇ ಆಗಿದ್ದರೆ ಲೀಟರಿನ ಗಿರಾಕಿ ನೂರಕ್ಕೆ 9 ರೂಪಾಯಿಯಷ್ಟು ಹೆಚ್ಚು ತೆತ್ತಂತಾಯಿತು. ಇದರಲ್ಲಿ ಯಾರ ಮೋಸವೂ ಇಲ್ಲ. ಪೊಟ್ಟಣದ ಮೇಲೆ ಬರೆದುದನ್ನು ಓದದಿರುವುದೊಂದೇ ಕೊರತೆ.

ಈಗ ತಕ್ಕಡಿಯ ಜಾಗಕ್ಕೆ ವಿದ್ಯುನ್ಮಾನ ಯಂತ್ರ ಬಂದಿದೆ. ಅದರ ತಟ್ಟೆಯ ಅಡಿಯಲ್ಲಿರುವ ಲೋಹದ ತುಂಡು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳ್ಳನೆಯ ತಂತಿ ಹಿಗ್ಗಿ, ವಿದ್ಯುತ್ತಿಗೆ ಅದು ಒಡ್ಡುವ ತಡೆ ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ಮೂಡುತ್ತದೆ. ಕೆಂಪು ಅಕ್ಷರದ ಅಂಕಿಯೆಂದರೆ ನಮಗೆ ಬಹಳ ನಂಬಿಕೆ. ಆದರೆ 5 ಗ್ರಾಮಿಗೊಮ್ಮೆ ಅಂಕಿ ಬದಲಿಸುವ ಯಂತ್ರದಲ್ಲಿ 10 ಗ್ರಾಂ ಏಲಕ್ಕಿ ತೂಗಿದರೆ ಎರಡೂವರೆ ಗ್ರಾಂ ಹೆಚ್ಚುಕಡಮೆ ಬಂದರೂ ಅದಕ್ಕೆ ಗೊತ್ತಾಗದು. ಎಂದರೆ ನಾಲ್ಕರಲ್ಲಿ ಒಂದು ಪಾಲು! ಅಂಥ ಯಂತ್ರದಲ್ಲಿ 100 ಗ್ರಾಮಿಗಿಂತ ಕಡಮೆ ತೂಗಬಾರದೆಂಬುದು ಅದರ ಫಲಕದಲ್ಲಿಯೇ ನಮೂದಾಗಿರುತ್ತದೆ. ಏಲಕ್ಕಿಗೂ ಕೇಸರಿಗೂ ಚಿಕ್ಕ ಯಂತ್ರವೇ ಬೇಕು. ಹಳೆಯ ತಕ್ಕಡಿಯನ್ನೇ ಬಳಸುವಲ್ಲಿ ಪರೀಕ್ಷೆ ಇನ್ನೂ ಸುಲಭ: ಸಮತೂಕವಾದ ಮೇಲೆ ಸಾಮಾನನ್ನೂ ತೂಕದ ಕಲ್ಲನ್ನೂ ತಟ್ಟೆ ಬದಲಾಯಿಸಿ ಇಡಿಸಬೇಕು. ದಂಡದ ಎರಡು ತೋಳುಗಳು ಸಮವಾಗಿಲ್ಲದಿದ್ದರೆ ಒಂದು ಕಡೆ ವಾಲಿಯೇ ವಾಲುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಬಗೆಹರಿಯದ ಸಂಗತಿಯೊಂದಿದೆ. ಅದೇ ನೀರು.

ವರ್ಷಕ್ಕೆ 4 ಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಿದು. ಜೂನ್ ತಿಂಗಳಿನಿಂದ ಇಲ್ಲಿಯ ಗಾಳಿ ತಾನು ಹೊರಬಲ್ಲ ತೇವದಲ್ಲಿ ನೂರಕ್ಕೆ 80–90 ಪಾಲನ್ನು ಹೊತ್ತಿರುತ್ತದೆ. ಶುದ್ಧವಾದ ಉಪ್ಪು ಈ ಅಂಶ 75ನ್ನು ದಾಟಿದಾಗ ಗಾಳಿಯ ನೀರನ್ನು ಹೀರಿ ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅಷ್ಟೂ ಬೇಡ, 33 ಸಾಕು. ಹೆಸರಿನಲ್ಲಿಯೇ ಉಪ್ಪನ್ನೂ ಅಂಗಡಿಯನ್ನೂ ಇಟ್ಟುಕೊಂಡ ಉಪ್ಪಿನಂಗಡಿಯಲ್ಲಿಯೂ ಆಷಾಢದಲ್ಲಿ ಉಪ್ಪಿನ ಚೀಲದಡಿ ನೀರು ನಿಲ್ಲುವುದು ಇದರಿಂದಲೇ. ಬೆಲ್ಲದ ಕಥೆಯೂ ಹೀಗೆಯೇ. ಕಬ್ಬಿನ ರಸವನ್ನು ಕುದಿಸುವಾಗ ಸಕ್ಕರೆಯ ಸ್ವಲ್ಪ ಭಾಗ ಒಡೆದು ಗ್ಲೂಕೋಸು, ಫ್ರಕ್ಟೋಸುಗಳಾಗುತ್ತದೆ. ಅವುಗಳಲ್ಲಿ ಫ್ರಕ್ಟೋಸು ಬಲು ನೀರಡಿಕೆಯ ವಸ್ತು. ಒಣಮೆಣಸೂ ಬಿಡಿಸಿಟ್ಟ ಹುಣಿಸೆಯೂ ತಕ್ಕಮಟ್ಟಿಗೆ ಇದೇ ಗುಂಪಿನವು.

ಬೇಸಗೆಯಲ್ಲಿ ನೂರಕ್ಕೆ 5 ಪಾಲು ನೀರಿದ್ದ ಬೆಲ್ಲ ಮಳೆಗಾಲದಲ್ಲಿ ನೂರಕ್ಕೆ 10 ಪಾಲಿನದಾಯಿತು ಎನ್ನೋಣ. ಒಂದು ಕಿಲೋದಲ್ಲಿ 950 ಗ್ರಾಂ ಇದ್ದ ಸಾರವಸ್ತು ಈಗ 900 ಗ್ರಾಂ. ತಕ್ಕಡಿ ಸರಿಯಾಗಿಯೇ ತೂಗಿದೆ. ಅಂಗಡಿಯವನು ಒಂದು ಹನಿ ನೀರನ್ನೂ ಬೆರೆಸಿಲ್ಲ. ಆದರೂ 50 ಗ್ರಾಂ ಮಳೆಯನ್ನು ನಾವು ಬೆಲ್ಲದ ಬೆಲೆಗೆ ಕೊಂಡಿದ್ದೇವೆ.

ಈಗ ಬೆಳಗಿನ ವ್ಯಾಪಾರವನ್ನು ನೆನೆಯೋಣ. ಅದೇ ಮನುಷ್ಯ ಅಡಿಕೆಯ ಗೋಣಿ ಇಳಿಸಿದಾಗ ಖರೀದಿದಾರನು ಒಂದು ಹಿಡಿಯನ್ನು ಕೈಯಲ್ಲಿ ಕುಲುಕಿ ಸದ್ದು ಕೇಳುತ್ತಾನೆ; ಒಂದೆರಡನ್ನು ಕತ್ತರಿಸಿ ನೋಡುತ್ತಾನೆ; ತೇವವೆಂದು ಕಂಡರೆ ಬೆಲೆಯನ್ನು ಇಳಿಸುತ್ತಾನೆ, ಗೋಣಿಯ ತೂಕವನ್ನೂ ಕಳೆಯುತ್ತಾನೆ. ಒಳ್ಳೆಮೆಣಸಿಗಾದರೆ ಲೀಟರಿನ ತೂಕವನ್ನು ನೋಡುವ ಕ್ರಮವೂ ಉಂಟು. ಲೀಟರಿಗೆ 500 ಗ್ರಾಮಿನ ಮೆಣಸು, 550 ಗ್ರಾಮಿನ ಮೆಣಸು ಎಂದು ದರ್ಜೆಗಳೇ ಇವೆ. ಇದರಲ್ಲಿ ತಪ್ಪೇನೂ ಇಲ್ಲ. ನೀರಿಗೆ ಅಡಿಕೆಯ ಬೆಲೆಯನ್ನು ಯಾರೂ ಕೊಡಬೇಕಾಗಿಲ್ಲ. ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ 1973ರಲ್ಲಿ ಸ್ಥಾಪನೆಯಾದ ಮೇಲೆ ಮಾರುವವನಿಗೆ ಇನ್ನೊಂದು ಬಾಗಿಲೂ ತೆರೆಯಿತು. ಆದರೆ ಮಧ್ಯಾಹ್ನ ಅವನು ಬೆಲ್ಲದ ಅಂಗಡಿಯಲ್ಲಿ ಒಂದು ಉಂಡೆಯನ್ನು ಒತ್ತಿ, ‘ಇದು ಹಸಿಯಾಗಿದೆ, ನೂರಕ್ಕೆ ಐದು ಕಳೆಯಿರಿ’ ಎಂದನೆನ್ನಿ. ನಗುವವರೇ ಎಲ್ಲರೂ. ತೇವದ ವಿಜ್ಞಾನವನ್ನು ತಕ್ಕಡಿಯ ಒಂದು ಬದಿಯವರು ಮಾತ್ರ ಬಳಸುತ್ತಿದ್ದಾರೆ.

ಕಾನೂನು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. 2009ರ ಕಾನೂನುಬದ್ಧ ಮಾಪನ ಕಾಯಿದೆ 2011ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದರ ಮೇರೆಗೆ ತೂಕದ ಕಲ್ಲುಗಳನ್ನೂ ಹಳೆಯ ತಕ್ಕಡಿಗಳನ್ನೂ 24 ತಿಂಗಳಿಗೊಮ್ಮೆ, ವಿದ್ಯುನ್ಮಾನ ಯಂತ್ರಗಳನ್ನು 12 ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಬೇಕು. ಆ ಮುದ್ರೆಯಲ್ಲಿ ವರ್ಷವೂ, ವರ್ಷದ ಯಾವ ಕಾಲುಭಾಗವೆಂಬ ಗುರುತೂ ಇರುತ್ತದೆ. ತೋರಿಸಿರೆಂದು ಕೇಳುವುದು ಒರಟುತನವಲ್ಲ. ಕಟ್ಟಿದ ಪೊಟ್ಟಣಗಳಲ್ಲಿ ಒಂದು ಕಿಲೋಕ್ಕೆ 15 ಗ್ರಾಮಿನವರೆಗಿನ ವ್ಯತ್ಯಾಸವನ್ನು ನಿಯಮ ಸಹಿಸುತ್ತದೆ. ಚೀಲದಿಂದ ತೆಗೆದು ತೂಗಿಕೊಡುವ ಬೆಲ್ಲದ ಒದ್ದೆತನವನ್ನು ಮಾತ್ರ ತೂಗುವ ಯಂತ್ರದ ಯಾವ ಮುದ್ರೆಯೂ ಹೇಳದು.

ನಮ್ಮ ಹಿರಿಯರು ಇದನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಮೇ ತಿಂಗಳು ಮುಗಿಯುವುದರೊಳಗೆ ಉಪ್ಪು, ಬೆಲ್ಲ, ಮೆಣಸು, ಹುಣಿಸೆಗಳನ್ನು ಕೊಂಡು ಭರಣಿಗಳಲ್ಲಿಟ್ಟು, ಬೆಲ್ಲವನ್ನು ಒಲೆಯ ಮೇಲಣ ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಒಟ್ಟಿಗೆ ಕೊಳ್ಳಲು ಹಣವಿದ್ದವರಿಗೆ ಈ ದಾರಿ ಇಂದೂ ಇದೆ. ವಾರದ ಕೂಲಿಯಲ್ಲಿ ವಾರದ ಬೆಲ್ಲ ಕೊಳ್ಳುವವರಿಗೆ ಅದು ಅಂದೂ ಇರಲಿಲ್ಲ. ಅಂಥವರಿಗಾಗಿ ಅಂಗಡಿಯವನು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಚೀಲದ ಬಾಯಿಯನ್ನು ತೆರೆದಿಡದೆ, ಗಾಳಿಯಾಡದ ಮುಚ್ಚಳದ ಡಬ್ಬದಲ್ಲಿ ಬೆಲ್ಲವನ್ನಿಟ್ಟು, ಬೇಕಾದಾಗ ಮಾತ್ರ ತೆರೆದರೆ ಸಾಕು. ಅದಕ್ಕೆ ತಗಲುವುದು ಒಂದು ಡಬ್ಬದ ಬೆಲೆ.