‘ಇನ್‌ಕಾರ್ನೇಷನ್’ ಅಂದ್ರೆ ‘ಅವತಾರ’ವೇ? ಲ್ಯಾಟಿನ್ ಮೂಲ ಹೇಳುವುದೇ ಬೇರೆ

ವಿಷ್ಣುವಿನ ದಶಾವತಾರವನ್ನು ಇಂಗ್ಲಿಷ್‌ನಲ್ಲಿ ‘ಟೆನ್ ಇನ್‌ಕಾರ್ನೇಷನ್ಸ್’ ಎಂದು ಬರೆಯುವುದು ರೂಢಿ. ಇನ್‌ಕಾರ್ನೇಷನ್‌ಗೆ ಕನ್ನಡದಲ್ಲಿ ಅರ್ಥ ಕೇಳಿದರೂ ಥಟ್ಟನೆ ಬರುವ ಉತ್ತರ ‘ಅವತಾರ’. ಆದರೆ ಈ ಎರಡು ಪದಗಳ ಬೇರು ಹುಡುಕಿದರೆ ಸಿಗುವುದು ಎರಡು ಬೇರೆ ಬೇರೆ ಕಲ್ಪನೆಗಳು.

ಮೂಲದಲ್ಲಿರುವುದು ಮಾಂಸ!

ಲ್ಯಾಟಿನ್‌ನಲ್ಲಿ ‘ಕಾರೊ’ ಎಂದರೆ ಮಾಂಸ. ಷಷ್ಠಿ ವಿಭಕ್ತಿಯಲ್ಲಿ ಇದೇ ಪದ ‘ಕಾರ್ನಿಸ್’ ಆಗುತ್ತದೆ. ಒಳಗೆ ಎಂಬ ಅರ್ಥದ ‘ಇನ್’ ಸೇರಿದಾಗ ಹುಟ್ಟಿದ್ದು ‘ಇನ್‌ಕಾರ್ನಾರೆ’, ಅಂದರೆ ರಕ್ತಮಾಂಸದ ದೇಹ ಕೊಡು. ಈ ಪದ ಫ್ರೆಂಚ್ ಮೂಲಕ ಮಧ್ಯಯುಗದಲ್ಲಿ ಇಂಗ್ಲಿಷ್ ಸೇರಿತು. ದೇವರು ಯೇಸುವಿನಲ್ಲಿ ಮನುಷ್ಯನಾದ ಎಂಬ ಕ್ರೈಸ್ತ ನಂಬಿಕೆಯೇ ಆಗ ಇದರ ಮುಖ್ಯ ಅರ್ಥವಾಗಿತ್ತು.

ಮಾಂಸಾಹಾರಿ ಪ್ರಾಣಿಗೆ ಹೇಳುವ ‘ಕಾರ್ನಿವೋರ್’ ಕೂಡ ಇದೇ ಬೇರಿನದು. ಗೋವಾದಲ್ಲಿ ನಡೆಯುವ ‘ಕಾರ್ನಿವಲ್’ ಹೆಸರಿನಲ್ಲೂ ಇದೇ ಮಾಂಸವಿದೆ. ಕ್ರೈಸ್ತರು ಮಾಂಸ ತ್ಯಜಿಸುವ ಉಪವಾಸದ ದಿನಗಳಿಗೆ ಮುನ್ನ ಬರುವ ಹಬ್ಬವದು.

ಅವತಾರ ಎಂದರೆ ಇಳಿದು ಬರುವುದು

ಸಂಸ್ಕೃತದ ‘ಅವತಾರ’ದಲ್ಲಿ ಮಾಂಸದ ಮಾತೇ ಇಲ್ಲ. ‘ಅವ’ ಎಂದರೆ ಕೆಳಗೆ, ‘ತೃ’ ಎಂದರೆ ದಾಟು. ಮೇಲಿನಿಂದ ಕೆಳಗಿಳಿದು ಬರುವುದೇ ಅವತಾರ. ಕ್ರೈಸ್ತ ನಂಬಿಕೆಯಲ್ಲಿ ದೇವರು ಮನುಷ್ಯನಾದದ್ದು ಒಂದೇ ಸಲ. ವಿಷ್ಣು ಮೀನಾಗಿ, ಆಮೆಯಾಗಿ, ನರಸಿಂಹನಾಗಿ ಮತ್ತೆ ಮತ್ತೆ ಬರುತ್ತಾನೆ. ಎರಡಕ್ಕೂ ಒಂದೇ ಪದ ಬಳಸಿದರೆ ಈ ವ್ಯತ್ಯಾಸ ಮರೆಯಾಗುತ್ತದೆ.

18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ‘ಅವತಾರ್’ ಪದವನ್ನೇ ಎರವಲು ಪಡೆಯಿತು. ಇಂದು ಆನ್‌ಲೈನ್ ಗೇಮ್‌ಗಳಲ್ಲಿ ಆಟಗಾರನ ಪರವಾಗಿ ಓಡಾಡುವ ಚಿತ್ರಕ್ಕೂ ಅದೇ ಹೆಸರು. ರಕ್ತಮಾಂಸವೇ ಇಲ್ಲದ ಆ ರೂಪಕ್ಕೆ ಇನ್‌ಕಾರ್ನೇಷನ್ ಎಂದರೆ ಹೊಂದುವುದಿಲ್ಲ.

ಕನ್ನಡದಲ್ಲಿ ಏನನ್ನಬೇಕು?

‘ಇವಿಲ್ ಇನ್‌ಕಾರ್ನೇಟ್’ ಎಂಬುದನ್ನು ಕನ್ನಡಕ್ಕೆ ತರುವಾಗ ‘ಕೇಡಿನ ಅವತಾರ’ ಎನ್ನುವುದಕ್ಕಿಂತ ‘ಕೇಡೇ ಮೈದಾಳಿದಂತೆ’ ಎಂದರೆ ಮೂಲಕ್ಕೆ ಹತ್ತಿರ. ಲ್ಯಾಟಿನ್ ಪದದೊಳಗೆ ಮಾಂಸವಿರುವಂತೆ ಈ ಕನ್ನಡ ಪದದೊಳಗೆ ‘ಮೈ’ ಇದೆ. ‘ತಾಳ್ಮೆಯೇ ಮೂರ್ತಿವೆತ್ತಂತೆ’ ಎಂಬ ಮಾತೂ ಇದೇ ಜಾಡಿನದು.

ಇನ್ನು ಕೆದರಿದ ತಲೆ, ಕೊಳೆಯಾದ ಬಟ್ಟೆಯಲ್ಲಿ ಮನೆಗೆ ಬಂದ ಮಗನಿಗೆ ಅಮ್ಮ ‘ಏನೋ ಇದು ನಿನ್ನ ಅವತಾರ!’ ಎಂದು ಗದರಿದರೆ, ಅದನ್ನು ಇಂಗ್ಲಿಷ್‌ಗೆ ಅನುವಾದಿಸುವಾಗ ಇನ್‌ಕಾರ್ನೇಷನ್ ಹತ್ತಿರವೂ ಸುಳಿಯಬಾರದು.