ಹನ್ನೊಂದರಾಚೆಯ ಆಟಗಾರರು

ಮಹಾಲಿಂಗಪುರ, ಮುಧೋಳ, ಜಮಖಂಡಿ, ಬನಹಟ್ಟಿ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಕಣ ನೋಡಿದವರಿಗೆ ಗೊತ್ತು, ಪೈಲ್ವಾನರನ್ನು ಅಲ್ಲಿ ತೂಕಕ್ಕೆ ಹಾಕುವುದಿಲ್ಲ. ಹಿರಿಯರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ತೋಳು, ಎದೆ, ಎತ್ತರ ಕಣ್ಣಳತೆಯಲ್ಲೇ ನೋಡಿ ಜೋಡಿ ಹಚ್ಚುತ್ತಾರೆ. ಮೈ ಸಣ್ಣದೆಂಬ ಕಾರಣಕ್ಕೆ ಯಾರೂ ಕಣದಿಂದ ಹೊರಗೆ ಉಳಿಯುವುದಿಲ್ಲ. ಸಣ್ಣವನಿಗೆ ಸಣ್ಣವನೊಬ್ಬ ಸಿಕ್ಕೇ ಸಿಗುತ್ತಾನೆ.

ಒಲಿಂಪಿಕ್ಸಿನ ಲೆಕ್ಕ ಬೇರೆ. ನಮ್ಮ ಬಾಗಲಕೋಟೆ ಜಿಲ್ಲೆಯವರೇ ಆದ, ಬಾದಾಮಿ ತಾಲ್ಲೂಕಿನ ಅರ್ಜುನ ಹಲಕುರ್ಕಿ ಗ್ರೀಕೋ-ರೋಮನ್ ಕುಸ್ತಿಪಟು. ಸೊಂಟದ ಕೆಳಗೆ ಹಿಡಿಯುವಂತಿಲ್ಲದ, ಕಾಲು ಹಾಕುವಂತಿಲ್ಲದ ಕುಸ್ತಿ ಅದು. 2020ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನ 55 ಕೆ.ಜಿ. ವಿಭಾಗದ ಸೆಮಿಫೈನಲ್‌ನಲ್ಲಿ ಇರಾನಿನ ಎದುರಾಳಿಯ ಮೇಲೆ ಅರ್ಜುನ 7-1ರಿಂದ ಮುಂದಿದ್ದರು. ಕೊನೆಗೆ 7-8ರಿಂದ ಸೋತರು. ಎದೆಗುಂದದೆ ಮುಂದಿನ ಕುಸ್ತಿ ಗೆದ್ದು ಕಂಚು ತಂದರು. 2022ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲೂ ಕಂಚು ಬಂತು. ಆದರೆ ಈ 55 ಕೆ.ಜಿ. ವಿಭಾಗ ಒಲಿಂಪಿಕ್ಸಿನಲ್ಲಿ ಈಗ ಇಲ್ಲವೇ ಇಲ್ಲ. 2012ರ ಲಂಡನ್‌ವರೆಗೂ ಇತ್ತು. 2013ರಲ್ಲಿ ಕುಸ್ತಿಯನ್ನೇ ಒಲಿಂಪಿಕ್ಸಿನಿಂದ ಕೈಬಿಡುವ ಮಾತು ಬಂದಾಗ ಅದನ್ನು ಉಳಿಸಿಕೊಳ್ಳಲು ಹಲವು ಬದಲಾವಣೆ ಮಾಡಿದರು. ಮಹಿಳೆಯರ ವಿಭಾಗಗಳನ್ನು ನಾಲ್ಕರಿಂದ ಆರಕ್ಕೆ ಏರಿಸಿದರು, ಗಂಡಸರ ಎರಡೂ ಶೈಲಿಗಳಲ್ಲಿ ಏಳನ್ನು ಆರಕ್ಕೆ ಇಳಿಸಿದರು. ಮಹಿಳೆಯರಿಗೆ ಜಾಗ ಸಿಕ್ಕಿದ್ದು ನ್ಯಾಯವೇ. ಆದರೆ ಆ ಹಂಚಿಕೆಯಲ್ಲಿ ಗ್ರೀಕೋ-ರೋಮನ್‌ನ ಅತಿ ಹಗುರ ವಿಭಾಗ ಹೋಯಿತು. ಈಗ ಅಲ್ಲಿ ಲೆಕ್ಕ ಶುರುವಾಗುವುದೇ 60 ಕೆ.ಜಿ.ಯಿಂದ. ಐದು ಕಿಲೋ ಎಂದರೆ ತಿಂದು ಏರಿಸಿಕೊಳ್ಳಬಹುದಲ್ಲ ಎನ್ನುವವರು, ಎದುರಿಗೆ ನಿಲ್ಲುವವನು 65-66 ಕಿಲೋದಿಂದ 60ಕ್ಕೆ ಇಳಿದು ಬಂದಿರುತ್ತಾನೆ ಎಂಬುದನ್ನು ನೆನಪಿಡಬೇಕು.

ಆಟಗಾರನ ಬಾಳು ಸಪ್ಪೆಯಾಯಿತೆಂದರೆ ನಾವು ಮೊದಲು ಅವನ ಮೈಯಲ್ಲಿ, ಮನಸ್ಸಿನಲ್ಲಿ ದೋಷ ಹುಡುಕುತ್ತೇವೆ. ಎಷ್ಟೋ ಸಲ ದೋಷ ಇರುವುದು ಜಾಗದ ಲೆಕ್ಕದಲ್ಲಿ. ಇದಕ್ಕೆ ಕರ್ನಾಟಕದ ಕ್ರಿಕೆಟ್ಟಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಬಿ. ವಿಜಯಕೃಷ್ಣ ಎಂಬ ಎಡಗೈ ಸ್ಪಿನ್ನರ್ 1968ರಿಂದ 1984ರವರೆಗೆ ನಮ್ಮ ರಾಜ್ಯಕ್ಕೆ ಆಡಿದರು. ಎಂಬತ್ತು ಪ್ರಥಮ ದರ್ಜೆ ಪಂದ್ಯ, 194 ವಿಕೆಟ್, ಎರಡು ಸಾವಿರಕ್ಕೂ ಹೆಚ್ಚು ರನ್. 1973-74ರಲ್ಲಿ ಮುಂಬೈಯ ಹದಿನೈದು ವರ್ಷದ ಯಜಮಾನಿಕೆ ಮುರಿದು ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದ ತಂಡದಲ್ಲಿ ಅವರೂ ಇದ್ದರು. ಭಾರತದ ಟೋಪಿ ಮಾತ್ರ ಅವರ ತಲೆಗೆ ಬರಲಿಲ್ಲ. ಹೇಗೆ ಬಂದೀತು? ದೇಶದ ತಂಡದಲ್ಲಿ ಎಡಗೈ ಸ್ಪಿನ್ನಿಗೆ ಬಿಷನ್ ಸಿಂಗ್ ಬೇಡಿ ಇದ್ದರು. ವಿಜಯಕೃಷ್ಣರ ರಾಜ್ಯದ ತಂಡದಲ್ಲೇ ಸ್ಪಿನ್ನರ್‌ಗಳಾದ ಪ್ರಸನ್ನ, ಚಂದ್ರಶೇಖರ್ ಇಬ್ಬರೂ ಇದ್ದರು. ವಿಕೆಟ್‌ಗಳೆಲ್ಲ ಅವರಿಬ್ಬರ ಪಾಲಿಗೆ ಹೋಗಿ, ಉಳಿದದ್ದು ಇವರಿಗೆ. ಬೇರೆ ಯಾವುದೋ ರಾಜ್ಯದಲ್ಲಿ ಹುಟ್ಟಿದ್ದರೆ ಅವರ ಲೆಕ್ಕ ಇಮ್ಮಡಿಯಾಗುತ್ತಿತ್ತೆಂದು ನಾನು ನಂಬುತ್ತೇನೆ, ಭಾರತಕ್ಕೆ ಆಡುತ್ತಿದ್ದರೆಂದು ನಂಬುವುದಿಲ್ಲ. ಯಾಕೆಂದರೆ ಹರಿಯಾಣದ ಎಡಗೈ ಸ್ಪಿನ್ನರ್ ರಾಜಿಂದರ್ ಗೋಯಲ್ 750 ಪ್ರಥಮ ದರ್ಜೆ ವಿಕೆಟ್ ಕಿತ್ತರೂ ಒಂದು ಟೆಸ್ಟ್ ಆಡಲಿಲ್ಲ. 1974ರಲ್ಲಿ ಶಿಸ್ತಿನ ಕಾರಣಕ್ಕೆ ಬೇಡಿಯನ್ನು ಕೈಬಿಟ್ಟು, ವೆಸ್ಟ್ ಇಂಡೀಸ್ ವಿರುದ್ಧದ ಬೆಂಗಳೂರು ಟೆಸ್ಟಿಗೆ ಗೋಯಲ್‌ರನ್ನು ಕರೆಸಿದ್ದರು. ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಟೆಸ್ಟ್ ಅದು. ಹನ್ನೊಂದರ ಪಟ್ಟಿ ಬಂದಾಗ ಅದರಲ್ಲಿ ಪ್ರಸನ್ನ, ಚಂದ್ರ, ವೆಂಕಟರಾಘವನ್ ಇದ್ದರು, ಗೋಯಲ್ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನೊಂದು ಬಗೆ, ತಂಡದ ಜೊತೆ ಊರೂರು ಸುತ್ತಿಯೂ ಆಡದವರದು. ಬೆಂಗಳೂರಿನ ಸುಧಾಕರ ರಾವ್ 1975-76ರಲ್ಲಿ ಭಾರತ ತಂಡದೊಂದಿಗೆ ನ್ಯೂಜಿಲೆಂಡ್ ಮತ್ತು ವೆಸ್ಟ್ ಇಂಡೀಸ್ ಪ್ರವಾಸ ಹೋದರು. ಆಕ್ಲೆಂಡ್‌ನಲ್ಲಿ ಒಂದೇ ಒಂದು ಏಕದಿನ ಪಂದ್ಯ ಆಡಿ ನಾಲ್ಕು ರನ್ ಮಾಡಿದ್ದು ಬಿಟ್ಟರೆ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿಲ್ಲ. ಆದರೂ ಅವರು ಒಂದು ಟೆಸ್ಟ್ ಪಂದ್ಯದ ಮೈದಾನಕ್ಕೆ ಇಳಿದಿದ್ದಾರೆ. 1976ರ ಏಪ್ರಿಲ್, ಜಮೈಕಾದ ಕಿಂಗ್‌ಸ್ಟನ್. ವೆಸ್ಟ್ ಇಂಡೀಸ್ ವೇಗಿ ಹೋಲ್ಡಿಂಗ್ ಮತ್ತವರ ಜೊತೆಗಾರರ ಚೆಂಡುಗಳು ನಮ್ಮವರ ಮೈಮೇಲೆ ಬರತೊಡಗಿದವು. ಗಾಯಕವಾಡರ ಕಿವಿಗೆ, ಬ್ರಿಜೇಶ್ ಪಟೇಲರ ಬಾಯಿಗೆ ಪೆಟ್ಟು ಬಿತ್ತು, ವಿಶ್ವನಾಥರ ಬೆರಳು ಮುರಿಯಿತು; ಬೇಡಿ, ಚಂದ್ರಶೇಖರ್ ಫೀಲ್ಡಿಂಗಿನಲ್ಲೇ ಕೈಗೆ ಪೆಟ್ಟು ಮಾಡಿಕೊಂಡಿದ್ದರು. ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಬಿದ್ದು 97 ರನ್ನಾದಾಗಲೇ ಭಾರತದ ಆಟ ಮುಗಿಯಿತು, ಬ್ಯಾಟ್ ಹಿಡಿಯಲು ಉಳಿದವರಿರಲಿಲ್ಲ. ಆ ಪಂದ್ಯದಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಪ್ರವಾಸಿ ತಂಡದ ಹದಿನೇಳೂ ಮಂದಿ ಫೀಲ್ಡಿಂಗ್ ಮಾಡಬೇಕಾಯಿತು. ಸುಧಾಕರ ರಾವ್ ಅವರಲ್ಲೊಬ್ಬರು. ಆದರೆ ಬದಲಿ ಫೀಲ್ಡರ್ ಬ್ಯಾಟ್ ಮಾಡುವಂತಿಲ್ಲ, ಬೌಲ್ ಮಾಡುವಂತಿಲ್ಲ. ಹಾಗಾಗಿ ಅವರ ಟೆಸ್ಟ್ ಲೆಕ್ಕ ಸೊನ್ನೆಯಾಗಿಯೇ ಉಳಿಯಿತು.

ಕಾಯುವುದು ಯಾವಾಗಲೂ ದಂಡವಲ್ಲ. ಸೈಯದ್ ಕಿರ್ಮಾನಿ 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಫಾರೂಖ್ ಎಂಜಿನಿಯರ್ ಹಿಂದೆ ಬದಲಿ ಕೀಪರ್ ಆಗಿ ಕುಳಿತರು. 1976ರಲ್ಲಿ ಜಾಗ ಸಿಕ್ಕ ಮೇಲೆ 88 ಟೆಸ್ಟ್ ಆಡಿದರು. ಎಂಜಿನಿಯರ್ ಇನ್ನೂ ನಾಲ್ಕು ವರ್ಷ ಆಡಿದ್ದರೆ ಕಿರ್ಮಾನಿ ಹೆಸರು ಈ ಅಧ್ಯಾಯಕ್ಕೇ ಸೇರುತ್ತಿತ್ತೋ ಏನೋ.

ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಕಥೆ ಅವಕಾಶ ಸಿಗದವರ ಮತ್ತು ಕಾದು ಗೆದ್ದವರ ಕಥೆಗಳ ನಡುವಿನದು. 1981-82ರ ರಣಜಿ ಸೆಮಿಫೈನಲ್‌ನಲ್ಲಿ, ಬೆಂಗಳೂರಿನ ಸವೆದ ಪಿಚ್ಚಿನ ಮೇಲೆ, ಮುಂಬೈಯ ಮೊದಲ ಇನಿಂಗ್ಸ್‌ನ ಎಂಟು ವಿಕೆಟ್ ಕಿತ್ತರು. ಎರಡನೇ ಇನಿಂಗ್ಸ್‌ನಲ್ಲಿ ಸುನಿಲ್ ಗಾವಸ್ಕರ್ ಎಂಟನೆಯವರಾಗಿ ಬಂದು, ಬಲಗೈ ಬಿಟ್ಟು ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತುಬಿಟ್ಟರು! ಬಲಗೈಯವರಿಂದ ಆಚೆ ತಿರುಗುತ್ತಿದ್ದ ಭಟ್ಟರ ಚೆಂಡು ಎಡಗೈಯವನಿಗೆ ಒಳಕ್ಕೆ ಬರುತ್ತದೆ, ಪ್ಯಾಡಿನಲ್ಲಿ ತಡೆಯಬಹುದು ಎಂಬ ಲೆಕ್ಕ. ಔಟಾಗದೆ ಉಳಿದು ಸೋಲು ತಪ್ಪಿಸಿದರು, ಆದರೆ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಫೈನಲ್‌ಗೆ ಹೋದದ್ದು ಕರ್ನಾಟಕ. ಒಬ್ಬ ಬೌಲರ್‌ಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ? ಆದರೆ ದೇಶ ಅವರಿಗೆ ಕೊಟ್ಟದ್ದು 1983ರ ಅಕ್ಟೋಬರ್ ತಿಂಗಳೊಂದನ್ನೇ. ನಾಗ್ಪುರದಲ್ಲಿ ಪಾಕಿಸ್ತಾನದ ವಿರುದ್ಧ ಒಂದು, ಕಾನ್ಪುರದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಇನ್ನೊಂದು ಟೆಸ್ಟ್, ಒಟ್ಟು ನಾಲ್ಕು ವಿಕೆಟ್. ರಣಜಿಯಲ್ಲಿ ಮುಂದುವರಿದ ಅವರ ಪ್ರಥಮ ದರ್ಜೆ ವಿಕೆಟ್ ಒಟ್ಟು 374.

ಎಲ್ಲರ ಬೆನ್ನಿಗೂ ನಿಲ್ಲಲಾಗದು ಎಂಬುದನ್ನೂ ಹೇಳಬೇಕು. ದೊಡ್ಡ ಗಣೇಶ್ ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ 365 ವಿಕೆಟ್ ತೆಗೆದ ಎತ್ತಿನಂಥ ದುಡಿಮೆಗಾರ. 1997ರಲ್ಲಿ ಸಿಕ್ಕ ನಾಲ್ಕು ಟೆಸ್ಟ್‌ಗಳಲ್ಲಿ ಐದೇ ವಿಕೆಟ್ ಬಂದವು. ಅವಕಾಶ ಸಾಲದೆಂದು ವಾದಿಸಬಹುದು, ಸಿಗಲೇ ಇಲ್ಲವೆಂದು ಹೇಳಲಾಗದು.

ಕರುಣ್ ನಾಯರ್ ವಿಷಯದಲ್ಲಿ ಎರಡೂ ನಿಜ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಮುಂದಿನ ಟೆಸ್ಟಿಗೆ, ಗಾಯಗೊಂಡಿದ್ದ ರಹಾನೆ ಗುಣವಾಗಿ ಬಂದರು, ಕರುಣ್ ಹೊರಗೆ. 2018ರಲ್ಲಿ ಇಂಗ್ಲೆಂಡ್ ಪ್ರವಾಸದುದ್ದಕ್ಕೂ ಬೆಂಚಿನಲ್ಲಿ ಕೂರಿಸಿ, ಕೊನೆಯ ಟೆಸ್ಟಿಗೆ ನಡುವೆ ಸೇರಿಸಿಕೊಂಡ ಹನುಮ ವಿಹಾರಿಯನ್ನು ಆಡಿಸಿದರು. ಆಯ್ಕೆಗಾರರ ಈ ನಡೆ ನನಗೆ ಇಂದಿಗೂ ಅರ್ಥವಾಗಿಲ್ಲ. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ಹೋಗಿ ವಿದರ್ಭಕ್ಕೆ ಆಡಿದರು, 2024-25ರ ರಣಜಿಯಲ್ಲಿ 863 ರನ್ ಹೊಡೆದು ತಂಡ ಟ್ರೋಫಿ ಎತ್ತಲು ಹೆಗಲು ಕೊಟ್ಟರು. ಎಂಟು ವರ್ಷದ ಮೇಲೆ, 2025ರಲ್ಲಿ, ಮತ್ತೆ ಟೆಸ್ಟ್. ಈ ಸಲ ಇಂಗ್ಲೆಂಡಿನಲ್ಲಿ ನಾಲ್ಕು ಪಂದ್ಯ ಪೂರಾ ಸಿಕ್ಕವು. ಬಂದದ್ದು ಒಂದು ಅರ್ಧಶತಕ, 205 ರನ್. ಮುಂದಿನ ಸರಣಿಗೆ ಕರೆ ಬರಲಿಲ್ಲ.

ಆಡದವನ ಹೊಟ್ಟೆಪಾಡು ಹೇಗೆ? ವಿಜಯಕೃಷ್ಣರ ಕಾಲದ ಎಷ್ಟೋ ಕ್ರಿಕೆಟಿಗರನ್ನು ಸಾಕಿದ್ದು ಬ್ಯಾಂಕಿನ ನೌಕರಿ. ಇಂದು ಆಟವೇ ಸಾಕುತ್ತದೆ. ಕ್ರಿಕೆಟ್ ಮಂಡಳಿ 2021ರಲ್ಲಿ ನಿಗದಿ ಮಾಡಿದ ದರದಂತೆ ನಲವತ್ತಕ್ಕೂ ಹೆಚ್ಚು ಪಂದ್ಯದ ಅನುಭವವಿರುವ ರಣಜಿ ಆಟಗಾರನಿಗೆ ದಿನಕ್ಕೆ 60,000 ರೂಪಾಯಿ, ಹೊಸಬನಿಗೆ 40,000. ಹನ್ನೊಂದರಲ್ಲಿ ಇಲ್ಲದವನಿಗೆ ಅದರ ಅರ್ಧ. ನಾಲ್ಕು ದಿನ ನೀರು, ಗ್ಲೌಸು ಹೊತ್ತು ಓಡಾಡಿದ ಹೊಸ ಹುಡುಗನಿಗೂ 80,000 ಸಿಗುತ್ತದೆ. ಅಮೆರಿಕದಲ್ಲಿ ಬೆಂಚೇ ಒಂದು ಕಸುಬು. ಅಲ್ಲಿನ ಫುಟ್‌ಬಾಲ್ ಲೀಗಿನ ಚೇಸ್ ಡೇನಿಯಲ್ ಹತ್ತಕ್ಕೂ ಹೆಚ್ಚು ವರ್ಷ ತಂಡದಿಂದ ತಂಡಕ್ಕೆ ಹೋಗುತ್ತ, ಮೊದಲಿಂದ ಮೈದಾನಕ್ಕಿಳಿದದ್ದು ಐದೇ ಪಂದ್ಯಗಳಲ್ಲಿ. ಗಳಿಸಿದ್ದು ನಾಲ್ಕು ಕೋಟಿ ಡಾಲರಿಗೂ ಹೆಚ್ಚು.