ಯಕ್ಸಂಬಾದ ಮಲ್ಲ, ಕೊಲ್ಲಾಪುರದ ಮಣ್ಣು

ಹಿರಿಯ ಕುಸ್ತಿಪಟು ಶ್ರೀಪತಿ ಖಂಚನಾಳೆ ಅವರು 2020ರ ಡಿಸೆಂಬರ್ 14ರಂದು ಕೊಲ್ಲಾಪುರದಲ್ಲಿ ತೀರಿಕೊಂಡರು. ಅವರಿಗೆ ಆಗ 86 ವರ್ಷ. ಮಹಾರಾಷ್ಟ್ರದ ಮೊದಲ 'ಹಿಂದ್ ಕೇಸರಿ' ಎಂದೇ ಅವರ ಹೆಸರು ಕುಸ್ತಿಯ ಇತಿಹಾಸದಲ್ಲಿ ದಾಖಲಾಗಿದೆ. ಆದರೆ ಈ ಮಲ್ಲ 1934ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ.

1959ರಲ್ಲಿ ದೆಹಲಿಯ ಕಣದಲ್ಲಿ ಪಂಜಾಬಿನ ಬಂತಾ ಸಿಂಗ್‌ರನ್ನು ಸೋಲಿಸಿ ಅವರು ಆ ಬಿರುದು ಗೆದ್ದರು. ಚಿಕ್ಕೋಡಿ ಆ ಹೊತ್ತಿಗೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ದಾಟಿತ್ತು. ಮಹಾರಾಷ್ಟ್ರ ಎಂಬ ರಾಜ್ಯವಾದರೋ ಇನ್ನೂ ಹುಟ್ಟಿರಲಿಲ್ಲ. ಅದು ಅಸ್ತಿತ್ವಕ್ಕೆ ಬಂದದ್ದು 1960ರ ಮೇ 1ರಂದು. ಹೀಗಿದ್ದೂ ಖಂಚನಾಳೆ ಅವರ ಗೆಲುವು ಮಹಾರಾಷ್ಟ್ರದ ಲೆಕ್ಕಕ್ಕೆ ಜಮೆಯಾಯಿತು. ಇದರಲ್ಲಿ ಮೋಸವೂ ಇಲ್ಲ, ಆಕಸ್ಮಿಕವೂ ಇಲ್ಲ. ಪೈಲ್ವಾನನೊಬ್ಬನ ಬದುಕು ಹೇಗೆ ಕಟ್ಟಲ್ಪಡುತ್ತದೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿದರೆ ಕಾರಣ ತಾನಾಗಿಯೇ ತಿಳಿಯುತ್ತದೆ.

ಗಡಿಗಿಂತ ಹಳೆಯ ದಾರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಗರಡಿ ಮನೆ ಹೊಸದೇನಲ್ಲ. ದೇವರ ಜಾತ್ರೆಯಿರಲಿ, ಉರುಸಿರಲಿ, ಕೊನೆಯ ದಿನ ಕುಸ್ತಿ ನಡೆಯದಿದ್ದರೆ ಹಬ್ಬ ಪೂರ್ತಿಯಾಯಿತೆಂದು ಹಿರಿಯರು ಒಪ್ಪುತ್ತಿರಲಿಲ್ಲ. ಕನ್ನಡದ ಮನೆಯ ಹುಡುಗನೂ ಮರಾಠಿ ಮನೆಯ ಹುಡುಗನೂ ಒಂದೇ ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದರು. ಗರಡಿಯ ಮಾತೂ ಅಷ್ಟೇ. ವಸ್ತಾದ, ತಾಲೀಮು, ಖುರಾಕು, ಡಾವು, ಪೇಚು ಎಂಬ ಶಬ್ದಗಳು ಕೃಷ್ಣೆ ಮತ್ತು ದೂಧಗಂಗೆಯ ಎರಡೂ ದಡಗಳಲ್ಲಿ ಒಂದೇ.

ಊರಿನ ಗರಡಿ ಹುಡುಗನಿಗೆ ಲಂಗೋಟಿ ಕಟ್ಟುವುದನ್ನು, ನಾಲ್ಕು ಡಾವುಗಳನ್ನು ಕಲಿಸಬಲ್ಲದು. ಅಲ್ಲಿಂದ ಮುಂದೆ ಬೆಳೆಯಬೇಕಾದರೆ ದಿನವೂ ಹತ್ತಾರು ಸರಿಜೋಡಿಗಳು ಬೇಕು, ಪಳಗಿದ ವಸ್ತಾದ ಬೇಕು, ಹೊಟ್ಟೆಗೆ ಹಾಕುವವರು ಬೇಕು. ಈ ಮೂರೂ ಒಂದೇ ಕಡೆ ಸಿಗುತ್ತಿದ್ದ ಊರು ಕೊಲ್ಲಾಪುರ. ನಿಪ್ಪಾಣಿಯಿಂದ ಅದು ಸುಮಾರು 40 ಕಿಲೋಮೀಟರ್ ದೂರ. ರಾಯಬಾಗ, ಕುಡಚಿ, ಉಗಾರದ ಕಡೆಯವರಿಗೆ ಮೀರಜಿಗೆ ಹೋಗುವ ರೈಲು ಇತ್ತು. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಹುಡುಗನನ್ನು ಕೊಲ್ಲಾಪುರಕ್ಕೆ ಕಳಿಸುವುದೆಂದರೆ ಪರದೇಶಕ್ಕೆ ಕಳಿಸಿದ ಹಾಗೆ ಯಾರಿಗೂ ಅನಿಸುತ್ತಿರಲಿಲ್ಲ.

ಕೊಲ್ಲಾಪುರ ಕುಸ್ತಿಯ ಪೇಟೆಯಾಗಿ ಬೆಳೆದದ್ದರ ಹಿಂದೆ ರಾಜಾಶ್ರಯವಿದೆ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಸ್ವತಃ ಕಣಕ್ಕಿಳಿದು ಕಸರತ್ತು ಮಾಡಿದವರು. ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು 1902ರಲ್ಲಿ ಯುರೋಪಿಗೆ ಹೋದಾಗ ರೋಮ್ ನಗರದ ಹಳೆಯ ಕ್ರೀಡಾಂಗಣವನ್ನು ನೋಡಿ ಮೆಚ್ಚಿದರು. ಕೊಲ್ಲಾಪುರದ ಖಾಸಬಾಗ ಮೈದಾನ ಅದರಿಂದ ಹುಟ್ಟಿದ ಕಲ್ಪನೆ. 1912ರಲ್ಲಿ ಸಿದ್ಧವಾದ ಈ ಮೈದಾನದಲ್ಲಿ ನಡುವೆ ಮಣ್ಣಿನ ಕಣ, ಸುತ್ತಲೂ ಮೇಲೇರುವ ಇಳಿಜಾರು. ಎಲ್ಲಿ ಕುಳಿತರೂ ಮುಂದಿನವನ ತಲೆ ಅಡ್ಡ ಬರದಂತೆ ಅದನ್ನು ಕಟ್ಟಲಾಗಿದೆ. ಪಂಜಾಬಿನ ಹೆಸರಾಂತ ಮಲ್ಲರನ್ನು ಕರೆಸಿ ಇರಿಸಿಕೊಂಡದ್ದರಿಂದ ಉತ್ತರದ ಡಾವುಗಳು ಇಲ್ಲಿನ ಹುಡುಗರಿಗೂ ದೊರೆತವು. ಗಂಗಾವೇಶ, ಮೋತಿಬಾಗ, ಶಾಹುಪುರಿ ಮುಂತಾದ ತಾಲೀಮುಗಳು ಹಳ್ಳಿಯ ಹುಡುಗರಿಗೆ ವಸತಿ ಶಾಲೆಗಳಾದವು. ಯಕ್ಸಂಬಾದಿಂದ ಹೋದ ಖಂಚನಾಳೆ ಪಳಗಿದ್ದು ಶಾಹುಪುರಿ ತಾಲೀಮಿನಲ್ಲಿ.

ಖುರಾಕಿನ ಲೆಕ್ಕ

ತಾಲೀಮಿನ ದಿನ ಬೆಳಗಿನ ಜಾವ ನಾಲ್ಕಕ್ಕೇ ಆರಂಭ. ಮೊದಲು ಕಣದ ಮಣ್ಣನ್ನು ಅಗೆದು ಹದ ಮಾಡಬೇಕು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆರಸ ಬೆರೆಸುತ್ತಾರೆ. ಮಣ್ಣು ಮೃದುವಾಗಿ, ಗಾಯಕ್ಕೆ ನಂಜಾಗದಿರಲಿ ಎಂಬುದು ಅದರ ಉದ್ದೇಶ. ಆಮೇಲೆ ದಂಡ, ಬೈಠಕ್, ಅನಂತರ 'ಜೋರ್' ಎಂದು ಕರೆಯುವ ಜೋಡಿ ಅಭ್ಯಾಸ. ಮಧ್ಯಾಹ್ನ ನಿದ್ದೆ. ಸಂಜೆ ಮತ್ತೆ ಅದೇ ಕಸರತ್ತು. ಗುಡಿಸುವುದು, ನೀರು ತರುವುದು, ಹಿರಿಯ ಪೈಲ್ವಾನರ ಮೈ ತಿಕ್ಕುವುದು ಕಿರಿಯರ ಪಾಲಿನ ಕೆಲಸ. ಮದುವೆ, ಚಟ, ರಾತ್ರಿಯ ತಿರುಗಾಟ ಇವೆಲ್ಲ ವರ್ಜ್ಯ.

ಇಷ್ಟನ್ನೂ ಮನಸ್ಸಿದ್ದ ಹುಡುಗ ಮಾಡಿಯಾನು. ನಿಜವಾದ ಕಷ್ಟವಿರುವುದು ಖುರಾಕಿನಲ್ಲಿ. ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ, ಮೊಟ್ಟೆ, ಮಾಂಸ ಇವು ಒಂದು ದಿನ ಉಂಡು ಬಿಡುವಂಥವಲ್ಲ. ಮೈ ತುಂಬಬೇಕಾದರೆ ವರ್ಷಗಟ್ಟಲೆ ದಿನವೂ ಬೇಕು. ಸಾಧಾರಣ ರೈತನ ಮನೆಯಲ್ಲಿ ಒಬ್ಬ ಪೈಲ್ವಾನನ ಖುರಾಕೆಂದರೆ ಉಳಿದವರ ತಟ್ಟೆಯಿಂದ ತೆಗೆದದ್ದೇ. ತಂದೆ ಎಮ್ಮೆಯ ಹಾಲನ್ನು ಮಾರದೆ ಮಗನಿಗಿಡುತ್ತಾನೆ, ಅಣ್ಣ ಹೊಲ ನೋಡಿಕೊಳ್ಳುತ್ತಾನೆ, ಊರಿನ ಪ್ರಮುಖರು ಸುಗ್ಗಿಯಲ್ಲಿ ಏನಾದರೂ ಸೇರಿಸುತ್ತಾರೆ. ಹುಡುಗನಿಗೆ ಗೆಲುವು ಬರುವ ಮೊದಲು ಆರೇಳು ವರ್ಷ ಹೀಗೆ ಸಾಲದ ಮೇಲೆ ನಡೆಯುತ್ತದೆ. ಸಾಲ ಪತ್ರದಲ್ಲಿರುವುದಿಲ್ಲ, ಮನಸ್ಸಿನಲ್ಲಿರುತ್ತದೆ.

ಸಂಸ್ಥಾನಗಳಿದ್ದಾಗ ಈ ಭಾರವನ್ನು ಅರಮನೆ ಹೊರುತ್ತಿತ್ತು. ಕೊಲ್ಲಾಪುರವಷ್ಟೇ ಅಲ್ಲ, ಸಾಂಗ್ಲಿಯಂಥ ಪಟವರ್ಧನರ ಸಂಸ್ಥಾನಗಳೂ ಮಲ್ಲರನ್ನು ಸಾಕಿದವು. ಸಂಸ್ಥಾನಗಳು ವಿಲೀನವಾದ ಮೇಲೆ ಆ ಜಾಗಕ್ಕೆ ಬಂದದ್ದು ಕಬ್ಬು. ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳಲ್ಲಿ ಕೆಲವು, ವಾರಣಾನಗರದಂಥ ಕಡೆ, ಪೈಲ್ವಾನರಿಗೆ ತಿಂಗಳ ಗೌರವಧನ ಕೊಡುವ, ದೊಡ್ಡ ಮೈದಾನ ಏರ್ಪಡಿಸುವ ಪದ್ಧತಿ ಬೆಳೆಸಿದವು. ಕಬ್ಬು ಅಥಣಿ, ಚಿಕ್ಕೋಡಿಗಳಲ್ಲೂ ಬೆಳೆಯಿತು, ಕಾರ್ಖಾನೆಗಳೂ ಬಂದವು. ಆದರೆ ಕೊಲ್ಲಾಪುರಕ್ಕೆ ಸಾಟಿಯಾದ ತಾಲೀಮು ಈ ಕಡೆ ಎದ್ದು ನಿಲ್ಲಲಿಲ್ಲ.

ಕಣದ ಗಳಿಕೆ

ಪೈಲ್ವಾನನ ಸಂಪಾದನೆಯೆಲ್ಲ ಜಾತ್ರೆಯ ಕಣದಲ್ಲಿ. ಊರಿನ ಕುಸ್ತಿ ಕಮಿಟಿ ಮೊದಲೇ ಜೋಡಿ ಕಟ್ಟಿ ಹಸ್ತಪತ್ರ ಹೊರಡಿಸುತ್ತದೆ. ಮಧ್ಯಾಹ್ನ ಚಿಕ್ಕ ಹುಡುಗರ ಕುಸ್ತಿ. ಅವರಿಗೆ ತೆಂಗಿನಕಾಯಿ, ಟವೆಲು, ನಾಲ್ಕಾರು ರೂಪಾಯಿ. ಹೊತ್ತು ಇಳಿದಂತೆ ಜೋಡಿಯ ತೂಕವೂ ಇನಾಮೂ ಏರುತ್ತವೆ. ಹಲಗಿಯ ಸದ್ದಿನ ನಡುವೆ ಕೊನೆಗೆ ನಡೆಯುವ ದೊಡ್ಡ ಜೋಡಿಗೆ ಬೆಳ್ಳಿಯ ಕಡಗ, ಗದೆ ಇಲ್ಲವೇ ದೊಡ್ಡ ಮೊತ್ತ.

ನಮ್ಮ ಕಡೆಯ ಹಸ್ತಪತ್ರಗಳಲ್ಲಿ ಕಾಣುವ 'ಜಂಗೀ ನಿಕಾಲಿ ಕುಸ್ತಿ' ಎಂಬ ಮಾತಿಗೆ ಅರ್ಥವಿದೆ. ನಿಕಾಲಿ ಎಂದರೆ ತೀರ್ಮಾನ. ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಿ ಅವನು ಆಕಾಶ ನೋಡಿದಾಗ ಮಾತ್ರ ಗೆಲುವು. ಬೋರಲಾಗಿ ಬಿದ್ದವನು ಸೋತವನಲ್ಲ. ಅಂಗಾತ ಬಿದ್ದವನು ಸೋತ. 'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆಯ ಹಾಸ್ಯ ಇಲ್ಲಿಯದೇ. ಮೀಸೆಗೆ ಮಣ್ಣು ಹತ್ತಿಲ್ಲವೆಂದರೆ ಬೆನ್ನಿಗೆ ಹತ್ತಿದೆ ಎಂದೇ ಲೆಕ್ಕ. ಮಣ್ಣಿನ ಕುಸ್ತಿಯಲ್ಲಿ ಅಂಕಗಳಿಲ್ಲ. ತೂಕದ ವರ್ಗಗಳೂ ಇರಲಿಲ್ಲ. ಜೋಡಿ ಸರಿಯಿದೆಯೋ ಇಲ್ಲವೋ ಎಂಬುದನ್ನು ತಿಳಿದವರು ಕಣ್ಣಳತೆಯಲ್ಲೇ ಹೇಳುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಪೈಲ್ವಾನನ ಬೆಲೆ ಅವನು ಕೊನೆಯ ಸಲ ಯಾರನ್ನು ಕೆಡವಿದ ಎಂಬುದರ ಮೇಲೆ ನಿಂತಿತ್ತು. ಹೆಸರಾದವನನ್ನು ಕೆಡವಿದರೆ ಮುಂದಿನ ಸುಗ್ಗಿಯಲ್ಲಿ ಅವನ ಜೋಡಿ ಕೊನೆಗೆ ಹೋಗುತ್ತಿತ್ತು. ಒಂದು ಮೊಣಕಾಲು ಹೊರಳಿದರೆ, ಒಂದು ಭುಜ ಜಾರಿದರೆ ಇಡೀ ಋತು ಮುಗಿದಂತೆ. ಒಪ್ಪಂದ, ಸಂಬಳ, ವಿಮೆ ಇವು ಯಾವುವೂ ಇಲ್ಲದ ವೃತ್ತಿ ಇದು. ಮಳೆಗಾಲದಲ್ಲಿ ಜಾತ್ರೆಗಳಿಲ್ಲ, ಆದರೆ ಖುರಾಕು ನಿಲ್ಲಿಸುವಂತಿಲ್ಲ.

ಬಿರುದಿನಿಂದ ಪದಕಕ್ಕೆ

ಅಖಿಲ ಭಾರತ ಮಟ್ಟದಲ್ಲಿ 'ಹಿಂದ್ ಕೇಸರಿ' ಬಿರುದು ಬಂದದ್ದು ಹೀಗೆ ಊರೂರು ಚದುರಿದ ಕೀರ್ತಿಗೆ ಒಂದು ಅಳತೆಗೋಲು ಕೊಟ್ಟಿತು. 1959ರಲ್ಲಿ ಖಂಚನಾಳೆ ಗೆದ್ದರು. ಮರುವರ್ಷ ಗಣಪತರಾವ್ ಆಂದಳಕರ, 1964ರಲ್ಲಿ ಸಾಂಗ್ಲಿ ಜಿಲ್ಲೆಯ ಕವಠೇ ಪಿರಾನ್‌ನ ಮಾರುತಿ ಮಾನೆ ಅದೇ ಬಿರುದು ಪಡೆದರು. ಈ ಸೀಮೆಯ ಕುಸ್ತಿಗೆ ಅದು ಸುವರ್ಣ ಕಾಲವೆನ್ನಬಹುದು.

ಆದರೆ ಅದೇ ಹೊತ್ತಿಗೆ ಕುಸ್ತಿಯ ನೆಲವೇ ಬದಲಾಗುತ್ತಿತ್ತು. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದದ್ದು ಮ್ಯಾಟಿನ ಮೇಲೆ. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಅವರ ಪ್ರಯಾಣದ ಖರ್ಚಿಗಾಗಿ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಆಂದಳಕರ, ಮಾನೆ ಇಬ್ಬರೂ ಚಿನ್ನ ತಂದರು. ಮಣ್ಣಿನಲ್ಲಿ ಬೆಳೆದವರು ಮ್ಯಾಟಿನ ಮೇಲೆ ಗೆಲ್ಲಬಲ್ಲರು ಎಂಬುದು ಇದರಿಂದ ಸಾಬೀತಾಯಿತು.

ಹಾಗೆಂದು ಎರಡೂ ಒಂದೇ ಅಲ್ಲ. ಮಣ್ಣು ಹಿಡಿತಕ್ಕೆ, ತಾಳ್ಮೆಗೆ ಅನುಕೂಲ. ಮ್ಯಾಟು ವೇಗಕ್ಕೆ. ಅಲ್ಲಿ ಮೂರು ಮೂರು ನಿಮಿಷಗಳ ಎರಡು ಸುತ್ತು, ಒಂದೊಂದು ಪಟ್ಟಿಗೂ ಅಂಕ, ತೂಕಕ್ಕೆ ತಕ್ಕ ವರ್ಗ. ಅರ್ಧ ತಾಸು ಎದುರಾಳಿಯನ್ನು ದಣಿಸಿ ಕೆಡವುವ ಪೈಲ್ವಾನನಿಗೆ ಮ್ಯಾಟಿನ ಮೇಲೆ ಆ ಅರ್ಧ ತಾಸೇ ಇಲ್ಲ. ಸರ್ಕಾರಿ ನೌಕರಿ, ಪ್ರಶಸ್ತಿ, ಪಿಂಚಣಿ ಬಹುಮಟ್ಟಿಗೆ ಪದಕಕ್ಕೆ ಅಂಟಿಕೊಂಡಿರುವುದರಿಂದ ಮಣ್ಣಿನ ಗೆಲುವಿಗೆ ಜನರ ಚಪ್ಪಾಳೆ ಸಿಗುತ್ತದೆ, ಸರ್ಕಾರದ ಕಡತದಲ್ಲಿ ಜಾಗ ಸಿಗುವುದು ಕಡಿಮೆ.

ಮಣ್ಣಿನಿಂದ ಎದ್ದ ಮೇಲೆ

ಮೂವತ್ತೈದು ದಾಟಿದ ಪೈಲ್ವಾನನಿಗೆ ಕಣ ದೂರವಾಗುತ್ತದೆ. ಹಸಿವು ಮಾತ್ರ ಹಾಗೆಯೇ ಇರುತ್ತದೆ. ಕಸರತ್ತು ನಿಂತು ಊಟ ನಿಲ್ಲದಿದ್ದರೆ ಮೈ ಭಾರವಾಗಿ ಮೊಣಕಾಲು ಸೋಲುತ್ತದೆ. ಊಟವನ್ನು ಕಡಿಮೆ ಮಾಡಿದರೆ ಮೈ ಕುಸಿಯುತ್ತದೆ. ಓದನ್ನು ಅರ್ಧಕ್ಕೆ ಬಿಟ್ಟವನಿಗೆ ಬೇರೆ ಉದ್ಯೋಗ ಕಷ್ಟ. 1910ರಲ್ಲಿ ಲಂಡನ್ನಿನಲ್ಲಿ ಹೆಸರಾಗಿ, 1928ರಲ್ಲಿ ಪಟಿಯಾಲದಲ್ಲಿ ಪೋಲೆಂಡಿನ ಜ್ಬಿಸ್ಕೊನನ್ನು ಕೆಡವಿದ ಗಾಮಾ ಪೈಲ್ವಾನ್ ಕೊನೆಗಾಲದಲ್ಲಿ ಬಡತನ ಕಂಡು 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡರು. ಪದಕ ತಂದ ಖಾಶಾಬಾ ಜಾಧವರು ಪೊಲೀಸ್ ಇಲಾಖೆ ಸೇರಿ ಬದುಕಿದರು. ಅವರು 1984ರಲ್ಲಿ ರಸ್ತೆ ಅಪಘಾತದಲ್ಲಿ ಮಡಿದರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋಗಿ ಹದಿನೈದು ವರ್ಷಗಳಿಗೂ ಮೇಲಾದ ನಂತರ.

ಖಂಚನಾಳೆ ಕೊಲ್ಲಾಪುರದಲ್ಲೇ ನೆಲೆಸಿ, ತಾವು ಪಳಗಿದ ತಾಲೀಮಿನಲ್ಲಿ ಹುಡುಗರಿಗೆ ಕಲಿಸುವ ವಸ್ತಾದರಾದರು. ಹಳೆಯ ಪೈಲ್ವಾನನಿಗೆ ಗೌರವದಿಂದ ಉಳಿಯುವ ದಾರಿ ಸಾಮಾನ್ಯವಾಗಿ ಇದೊಂದೇ. ಊರಿಗೆ ಮರಳಿದವನಿಗೆ ಜಾತ್ರೆಯ ದಿನ ರುಮಾಲು ಸುತ್ತಿ ಸತ್ಕರಿಸುತ್ತಾರೆ, ಉಳಿದ ದಿನ ಅವನು ಹೊಲಕ್ಕೆ ಹೋಗುತ್ತಾನೆ.

ಕರ್ನಾಟಕ ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ದಾವಣಗೆರೆ, ಹಳಿಯಾಳಗಳ ಕ್ರೀಡಾ ವಸತಿ ನಿಲಯಗಳಲ್ಲಿ ಮ್ಯಾಟ್ ಕುಸ್ತಿಯ ತರಬೇತಿ ಸಿಗುತ್ತಿದೆ. ಹಳಿಯಾಳದ ಹುಡುಗಿಯರೂ ಕುಸ್ತಿಯಲ್ಲಿ ಹೆಸರು ಮಾಡಿದ್ದಾರೆ. ಆದರೆ ಯಕ್ಸಂಬಾದ ಹುಡುಗನಿಗೆ ಹಳಿಯಾಳಕ್ಕಿಂತ ಕೊಲ್ಲಾಪುರವೇ ಹತ್ತಿರ. ಬಸ್ಸು ಹತ್ತಿದರೆ ಎರಡು ತಾಸಿನೊಳಗೆ ತಾಲೀಮಿನ ಬಾಗಿಲು.

ಗಡಿಯ ವಿಷಯದಲ್ಲಿ ಎರಡೂ ರಾಜ್ಯಗಳು ದಶಕಗಳಿಂದ ವಾದಿಸುತ್ತಿವೆ. 1967ರ ಮಹಾಜನ ವರದಿಯ ನಂತರವೂ ವಾದ ಮುಗಿದಿಲ್ಲ. ಇಂಥ ವಾದದಲ್ಲಿ ಯಾವ ಹಳ್ಳಿ ಯಾರದು ಎಂದು ಕೇಳುತ್ತಾರೆ. ಪೈಲ್ವಾನನ ವಿಷಯದಲ್ಲಿ ಆ ಪ್ರಶ್ನೆಗೆ ಕುಸ್ತಿಯ ಲೋಕ ಎಂದೋ ಉತ್ತರ ಕಂಡುಕೊಂಡಿದೆ. ಹುಟ್ಟಿದ ಊರು ಅವನಿಗೆ ಹೆಸರು ಕೊಡುತ್ತದೆ, ಹಾಲು ತುಪ್ಪ ಹಾಕಿದ ಊರು ಅವನ ಗೆಲುವನ್ನು ಪಡೆಯುತ್ತದೆ. ಮುಂದಿನ ಕೇಸರಿ ಕರ್ನಾಟಕದವನೆಂದು ಕರೆಸಿಕೊಳ್ಳಬೇಕಾದರೆ ಅವನ ಆರೇಳು ವರ್ಷದ ಖುರಾಕಿನ ಲೆಕ್ಕವನ್ನು ಚಿಕ್ಕೋಡಿ, ಅಥಣಿಗಳಲ್ಲೇ ಯಾರಾದರೂ ಹೊತ್ತುಕೊಳ್ಳಬೇಕು.